ಉಪ್ಪಿನ ಹದ ಬಲ್ಲವರ ಪೇಟೆಯಲ್ಲಿ

ಜಪಾನಿನ ಕ್ಯೋಟೊ ನಗರದ ನಿಶಿಕಿ ಪೇಟೆಗೆ ನಾವು ಮೊದಲು ಕಾಲಿಟ್ಟದ್ದು ಒಂದು ಬುಧವಾರದ ಸಂಜೆ. ಬುಧವಾರ ಅಲ್ಲಿನ ಅನೇಕ ಅಂಗಡಿಗಳಿಗೆ ವಾರದ ರಜೆಯೆಂಬುದು ನನಗೆ ತಿಳಿದಿರಲಿಲ್ಲ. ತೆರೆದಿದ್ದ ಕೆಲವರೂ ಐದೂವರೆಯ ಹೊತ್ತಿಗೆ ನೆಲಕ್ಕೆ ನೀರು ಹೊಯ್ದು ಉಜ್ಜಿ, ಬಾಗಿಲು ಹಾಕುವ ಕೆಲಸಕ್ಕೆ ತೊಡಗಿದ್ದರು. ಮೀನು, ಉಪ್ಪಿನಕಾಯಿ, ಒದ್ದೆ ಮರ, ಇವುಗಳ ಬೆರೆತ ವಾಸನೆಯೊಂದು ಮಾತ್ರ ಓಣಿಯ ತುಂಬ ಉಳಿದಿತ್ತು. ಹಿಂದಿರುಗಬೇಕೆನ್ನುವಷ್ಟರಲ್ಲಿ ಆಯಿ, ಅಂದರೆ ನನ್ನ ತಾಯಿ, ಒಂದು ಮುಚ್ಚಿದ ಷಟರಿನ ಮುಂದೆ ನಿಂತರು. ಅದರ ಮೇಲೆ ಆಳೆತ್ತರದ ಹುಂಜವೊಂದರ ಚಿತ್ರವಿತ್ತು. ಪಕ್ಕದ ಷಟರಿನ ಮೇಲೆ ಹೂವು, ಅದರಾಚೆ ತರಕಾರಿ. ಅಂಗಡಿಗಳು ಮುಚ್ಚಿದ ಮೇಲಷ್ಟೇ ಕಾಣಿಸುವ ಆ ಚಿತ್ರಗಳು ಇತೋ ಜಾಕುಚೂ ಎಂಬ ಕಲಾವಿದನವು. 1716ರಲ್ಲಿ ಇದೇ ಪೇಟೆಯ ತರಕಾರಿ ಸಗಟು ವ್ಯಾಪಾರಿಯ ಮನೆಯಲ್ಲಿ ಹುಟ್ಟಿ, ಹಿರಿಯ ಮಗನಾಗಿ ಅಂಗಡಿ ನೋಡಿಕೊಂಡು, ನಲವತ್ತರ ಹೊತ್ತಿಗೆ ವ್ಯಾಪಾರವನ್ನು ತಮ್ಮನಿಗೆ ಬಿಟ್ಟು ಚಿತ್ರಕ್ಕೇ ನಿಂತವನು ಅವನು. ಷಟರುಗಳ ಮೇಲಿರುವುದು ಅವನ ಕೃತಿಗಳ ಪ್ರತಿಗಳು. ರಜೆಯ ದಿನ ಬಂದದ್ದರಿಂದ ನಮಗೆ ಅವನ್ನು ಒಂದೊಂದಾಗಿ ನೋಡಲು ಸಿಕ್ಕಿತು. ಕೊನೆಯವರೆಗೆ ನಡೆದ ಮೇಲೆ ಆಯಿ, "ನಾಳೆ ಬೆಳಿಗ್ಗೆ ಮತ್ತೆ ಬರುವ, ತಂಗಿ. ಉಪ್ಪಿನಕಾಯಿ ವಾಸನೆ ಬಂತಲ್ಲ, ಅದೆಂಥದು ಎಂದು ನೋಡಬೇಕು" ಎಂದರು.

ನನ್ನ ಆಯಿ ಶಿರಸಿಯ ಸಮೀಪದ ಹಳ್ಳಿಯವರು. ವಯಸ್ಸು ಎಪ್ಪತ್ತು. ಮದುವೆಯಾಗಿ ಬಂದ ವರ್ಷದಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪದೆ ಅಪ್ಪೆಮಿಡಿ ಹಾಕಿದವರು. ನನ್ನ ತಮ್ಮ ಒಸಾಕಾದಲ್ಲಿ ಕೆಲಸಕ್ಕಿರುವುದರಿಂದ ನವೆಂಬರಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ವಾರದ ನಡುವೆ ಅವನಿಗೆ ರಜೆ ಸಿಗದ ಕಾರಣ ಕ್ಯೋಟೊದ ಎರಡು ರಾತ್ರಿ ನಮ್ಮಿಬ್ಬರದೇ. ನಾವು ಶುದ್ಧ ಸಸ್ಯಾಹಾರಿಗಳು. ಜಪಾನಿನಲ್ಲಿ ಸಸ್ಯಾಹಾರಕ್ಕೆ ಎದುರಾಗುವ ಕಷ್ಟ ಕಣ್ಣಿಗೆ ಕಾಣುವ ಮಾಂಸದ ತುಂಡಿನದಲ್ಲ, ಕಣ್ಣಿಗೆ ಕಾಣದ ದಶಿಯದು. ಕತ್ಸುವೊ ಎಂಬ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆಗಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಅದನ್ನು ಹೆರೆದು ನೀರಿಗೆ ಹಾಕಿ ತೆಗೆದ ಸಾರವೇ ಅಲ್ಲಿನ ಬಹುಪಾಲು ಅಡಿಗೆಯ ಬುನಾದಿ. ಬರಿಯ ತರಕಾರಿಯ ಪಲ್ಯವೆಂದು ತೋರುವುದರಲ್ಲೂ ಅದು ಇರುತ್ತದೆ. ಬಂದ ಮೊದಲ ರಾತ್ರಿ ಸಣ್ಣ ಹೋಟೆಲೊಂದರಲ್ಲಿ, ಮೇಲೆ ಹುರಿದ ತೋಫು (ಸೋಯಾ ಹಾಲಿನ ಪನೀರು) ಮಾತ್ರ ಇದ್ದ ಊದೋನ್ ಎಂಬ ಗೋಧಿ ಶಾವಿಗೆಯ ಬಟ್ಟಲನ್ನು ನಾನು ಕೇಳದೆಯೇ ತರಿಸಿದ್ದೆ. ಎರಡು ಚಮಚ ಸಾರು ಬಾಯಿಗಿಟ್ಟ ಆಯಿ ಬಟ್ಟಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಏನೂ ಮಾತನಾಡದೆ ನೀರು ಕುಡಿದರು. ಆ ರಾತ್ರಿ ಅವರು ಬಾಳೆಹಣ್ಣು ತಿಂದು ಮಲಗಿದ್ದು ನನ್ನ ಮನಸ್ಸಿನಿಂದ ಹೋಗಲಿಲ್ಲ. ಮರುದಿನ ನನ್ನ ತಮ್ಮ ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆದುಕೊಟ್ಟ: ಮಾಂಸ, ಮೀನು, ಮೊಟ್ಟೆ ಬೇಡ, ಮೀನಿನ ದಶಿಯೂ ಬೇಡ, ಕೊಂಬು ಎಂಬ ಕಡಲಪಾಚಿಯ ದಶಿ ಮತ್ತು ಅಣಬೆಯ ದಶಿ ಆಗುತ್ತದೆ. ಮುಂದಿನ ಎಲ್ಲ ಸಂಗತಿಗೂ ಆ ಚೀಟಿಯೇ ದಾರಿ ತೆರೆಯಿತು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನಾವು ಪೇಟೆಯ ಪೂರ್ವದ ತುದಿಯಲ್ಲಿದ್ದೆವು. ಅಲ್ಲಿ ನಿಶಿಕಿ ತೆನ್ಮಂಗೂ ಎಂಬ ಪುಟ್ಟ ದೇಗುಲವಿದೆ. ಅದರ ಕಲ್ಲಿನ ತೋರಣದ ಎರಡೂ ತುದಿಗಳು ಅಕ್ಕಪಕ್ಕದ ಕಟ್ಟಡಗಳ ಗೋಡೆಯೊಳಗೆ ಹೊಕ್ಕಿವೆ. ದೇಗುಲದ ಅಂಗಳದಲ್ಲಿ ನೆಲದಡಿಯ ನೀರು ಬರುವ ಕೊಳವೆಯೊಂದಿದ್ದು, ಅಡುಗೆಭಟ್ಟರಂತೆ ಬಿಳಿ ಅಂಗಿ ತೊಟ್ಟಿದ್ದ ಒಬ್ಬರು ದೊಡ್ಡ ಪ್ಲಾಸ್ಟಿಕ್ ಕ್ಯಾನಿಗೆ ಅದನ್ನು ತುಂಬಿಸಿಕೊಳ್ಳುತ್ತಿದ್ದರು. ವರ್ಷವಿಡೀ 17ರಿಂದ 18 ಡಿಗ್ರಿಯಲ್ಲೇ ಇರುವ ಈ ಅಂತರ್ಜಲವೇ ಪೇಟೆಯ ಮೂಲ. ಮಂಜುಗಡ್ಡೆ ಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಮೀನು, ಕೋಳಿಗಳನ್ನು ಕೆಡದಂತಿಡಲು ಈ ತಣ್ಣನೆಯ ಬಾವಿನೀರು ಬೇಕಿತ್ತು. ಆ ಕಾರಣಕ್ಕೇ ಮೀನಿನವರು ಇಲ್ಲಿ ನೆಲೆಯೂರಿದರು. 1615ರಲ್ಲಿ ಆಗ ದೇಶವಾಳುತ್ತಿದ್ದ ಶೋಗುನ್ ಎಂಬ ಸೇನಾಧಿಪತಿಯ ಆಡಳಿತದಿಂದ ಸಗಟು ವ್ಯಾಪಾರಕ್ಕೆ ಅಪ್ಪಣೆಯೂ ದೊರೆಯಿತು. ಆಯಿ ಬೊಗಸೆಯೊಡ್ಡಿ ನೀರು ಕುಡಿದು, ನಮ್ಮ ಮನೆಯ ಹಿಂದಿನ ಅಬ್ಬಿನೀರಿನ ಹಾಗೆಯೇ ಮೆದುವಾಗಿದೆ ಎಂದರು. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಇಳಿದುಬರುವ ಆ ನೀರಿನ ರುಚಿ ಬಲ್ಲವರಿಗೆ ಅದು ಸಣ್ಣ ಹೊಗಳಿಕೆಯಲ್ಲ.

ಪೇಟೆಯೆಂದರೆ ಒಂದೇ ಓಣಿ. ತೆರಮಾಚಿ ಬೀದಿಯಿಂದ ತಕಾಕುರ ಬೀದಿಯವರೆಗೆ ಸುಮಾರು 390 ಮೀಟರ್ ಉದ್ದ. ಇಬ್ಬರು ಎದುರಾಬದುರು ಬಂದರೆ ಮೂರನೆಯವರು ಸರಿಯಬೇಕೆನ್ನುವಷ್ಟು ಅಗಲ. ಮೇಲೆ ಕೆಂಪು, ಹಳದಿ, ಹಸಿರು ಗಾಜಿನ ಬಣ್ಣದ ಚಾವಣಿ. ಎರಡೂ ಬದಿಗೆ ಒಟ್ಟು ನೂರಮೂವತ್ತರಷ್ಟು ಅಂಗಡಿಗಳು. ನನಗೆ ಹಿಡಿಸಿದ ಸಂಗತಿಯೆಂದರೆ ಹಳೆಯ ಅಂಗಡಿಗಳಲ್ಲಿ ಹೆಚ್ಚಿನವು ಒಂದೇ ಪದಾರ್ಥದವು: ಕಾಳಿನವರು ಕಾಳು ಮಾತ್ರ, ಕೊಂಬಿನವರು ಕೊಂಬು ಮಾತ್ರ, ಸೋಯಾ ಹಾಲಿನ ಕೆನೆಯಾದ ಯುಬ ಮಾಡುವವರು ಯುಬ ಮಾತ್ರ. ತರಕಾರಿ ಅಂಗಡಿಯಲ್ಲಿ ಕ್ಯೋಟೊದ ಸ್ವಂತ ತಳಿಗಳನ್ನು ಬೇರೆಯಾಗಿಯೇ ಜೋಡಿಸಿದ್ದರು. ತೆಂಗಿನಕಾಯಿಗಿಂತ ದೊಡ್ಡದಾದ ಬಿಳಿಯ ಶೋಗೋಇನ್ ಟರ್ನಿಪ್, ಕುಂಕುಮದಷ್ಟು ಕೆಂಪಾದ ಕಿಂತೊಕಿ ಗಜ್ಜರಿ, ಉದ್ದ ಹಸಿರು ದಂಟಿನ ಕುಜೋ ಈರುಳ್ಳಿ. ಅವುಗಳ ನಡುವೆ ಸೀಗಡಿಯಂತೆ ಬಾಗಿ, ಮೈಮೇಲೆ ಅಡ್ಡಗೆರೆಗಳಿದ್ದ ಒಂದು ಗೆಡ್ಡೆಯನ್ನು ಆಯಿ ಕಂಡೊಡನೆ ಗುರುತಿಸಿದರು. ಅದು ಕೆಸುವಿನ ಗೆಡ್ಡೆ. ಅಲ್ಲಿ ಅದರ ಹೆಸರು ಎಬಿ-ಇಮೊ, ಅಂದರೆ ಸೀಗಡಿ ಗೆಡ್ಡೆ. ಗೆಡ್ಡೆ ಬೆಳೆಯುತ್ತಿರುವಾಗ ಬುಡಕ್ಕೆ ಮತ್ತೆ ಮತ್ತೆ ಮಣ್ಣು ಏರಿಸಿ ಆ ಬಾಗು ತರಿಸುತ್ತಾರೆ. ಮಳೆಗಾಲದಲ್ಲಿ ನಮ್ಮ ಹಿತ್ತಲಿನಲ್ಲಿ ತಾನಾಗಿ ಹಬ್ಬುವ ಕೆಸುವಿಗೆ ಇಲ್ಲಿ ಇಷ್ಟು ಆರೈಕೆಯಿದೆಯೆಂಬುದು ಆಯಿಗೆ ಬಹಳ ಸಂತೋಷ ಕೊಟ್ಟಿತು. ಜಾಕುಚೂ ಬರೆದ ಚಿತ್ರವೊಂದು ಕ್ಯೋಟೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಕವಲೊಡೆದ ಬಿಳಿ ಮೂಲಂಗಿಯೊಂದು ಪರಿನಿರ್ವಾಣದ ಬುದ್ಧನಾಗಿ ಮಲಗಿದೆ, ಸುತ್ತ ದುಃಖಿಸುವ ಶಿಷ್ಯರ ಜಾಗದಲ್ಲಿ ಟರ್ನಿಪ್, ಬದನೆ, ಕುಂಬಳ, ಹಣ್ಣುಗಳಿವೆ. ತರಕಾರಿಯ ನಡುವೆ ಬೆಳೆದವನಿಗಷ್ಟೇ ಹೊಳೆಯಬಹುದಾದ ಭಕ್ತಿ ಅದು. ಆ ಅಂಗಡಿಯ ಮುಂದೆ ನಿಂತಾಗ ಆ ಚಿತ್ರ ನನಗೆ ಇನ್ನಷ್ಟು ಅರ್ಥವಾಯಿತು.

ಉಪ್ಪಿನಕಾಯಿ ಅಂಗಡಿ ಓಣಿಯ ಮಧ್ಯಭಾಗದಲ್ಲಿತ್ತು. ಜಪಾನಿಗರು ತ್ಸುಕೆಮೊನೊ ಎನ್ನುವುದು ನಮ್ಮ ಉಪ್ಪಿನಕಾಯಿಯಂತೆ ಖಾರದ್ದಲ್ಲ. ಉಪ್ಪು, ಹುಳಿ, ಕಾಲ ಇವು ಮೂರರಿಂದಲೇ ಹದಗೊಂಡ ತರಕಾರಿ ಅದು. ಊಟದ ಕೊನೆಗೆ ಅನ್ನದ ಜೊತೆ ಬರುತ್ತದೆ. ಅಂಗಡಿಯ ಮುಂಭಾಗದಲ್ಲಿ ಮರದ ತೊಟ್ಟಿಗಳ ಸಾಲು. ಒಂದರಲ್ಲಿ ಒದ್ದೆ ಮರಳಿನಂಥ ಕಂದು ಬಣ್ಣದ ಪದಾರ್ಥ ತುಂಬಿತ್ತು. ಅದರೊಳಗಿನಿಂದ ಸೌತೆಕಾಯಿಯ ತೊಟ್ಟು, ಬದನೆಯ ಬೆನ್ನು ಇಣುಕುತ್ತಿದ್ದವು. ಆಯಿ ಬಗ್ಗಿ ಮೂಸಿ, ಬೆರಳ ತುದಿಯಿಂದ ತೊಟ್ಟಿಯ ಅಂಚಿಗೆ ಮೆತ್ತಿದ್ದ ಒಂದು ಕಣವನ್ನು ತೆಗೆದು ಉಜ್ಜಿ ನೋಡಿ, ನನ್ನ ಕಡೆ ತಿರುಗಿದರು. "ತೌಡು!" ಎಂದರು. ನಿಜವೇ. ಅದು ಅಕ್ಕಿಯ ತೌಡು, ಜಪಾನಿಯಲ್ಲಿ ನುಕ. ತೌಡಿಗೆ ಉಪ್ಪು ನೀರು ಬೆರೆಸಿ ಹುಳಿ ಬರಿಸಿ, ಆ ಹಾಸಿನೊಳಗೆ ತರಕಾರಿಯನ್ನು ಹೂತಿಡುತ್ತಾರೆ. ದಿನಕ್ಕೊಮ್ಮೆಯಾದರೂ ಕೈಯಿಂದ ಅಡಿಮೇಲು ಮಾಡಿ ಗಾಳಿಯಾಡಿಸದಿದ್ದರೆ ಅದು ಕೆಡುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದೇ ಹಾಸು ಹಲವು ವರ್ಷ ಬಾಳುತ್ತದೆ. ನಮ್ಮಲ್ಲಿ ತೌಡು ಕೊಟ್ಟಿಗೆಗೆ ಹೋಗುತ್ತದೆ, ಅಕ್ಕಚ್ಚಿನ ಜೊತೆ ಬೆರೆತು ಎಮ್ಮೆಯ ಬಾಯಿ ಸೇರುತ್ತದೆ. ಗಿರಣಿಯಿಂದ ತೌಡಿನ ಚೀಲ ಹೊತ್ತು ತರಿಸುತ್ತ ಐವತ್ತು ವರ್ಷ ಕಳೆದರೂ ಅದರಲ್ಲಿ ಹೀಗೊಂದು ಗುಣವಿರುವುದು ತಿಳಿಯದೆ ಹೋಯಿತಲ್ಲ ಎಂದು ಆಯಿ ನಿಜಕ್ಕೂ ಹಳಹಳಿಸಿದರು.

ಅಂಗಡಿಯಲ್ಲಿದ್ದವರು ಆಯಿಯ ವಯಸ್ಸಿನವರೇ ಆದ ಒಬ್ಬ ಹೆಂಗಸು. ತಲೆಗೆ ಬಿಳಿ ಬಟ್ಟೆ, ಮೊಣಕೈವರೆಗೆ ಮಡಿಸಿದ ತೋಳು. ನಾನು ಚೀಟಿಯನ್ನು ಎರಡೂ ಕೈಯಿಂದ ನೀಡಿದೆ. ಅವರು ಕನ್ನಡಕ ಏರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಪದವನ್ನು ತುಟಿಯಲ್ಲಾಡಿಸುತ್ತ ಓದಿದರು. ಒಮ್ಮೆ ಓದಿ ಮುಗಿಸಿದ ಮೇಲೆ ಮತ್ತೊಮ್ಮೆ ಓದಿದರು. ಆಮೇಲೆ ರುಚಿ ನೋಡಲಿಕ್ಕೆಂದು ಮುಂದೆ ಜೋಡಿಸಿದ್ದ ಸಣ್ಣ ತಟ್ಟೆಗಳಲ್ಲಿ ಮೂರನ್ನು ಎತ್ತಿ ಹಿಂದಕ್ಕೆ ಇಟ್ಟು, "ಕತ್ಸುವೊ" ಎಂದು ತಲೆಯಲ್ಲಾಡಿಸಿದರು. ಉಳಿದವುಗಳಲ್ಲಿ ಮೊದಲು ಕೊಟ್ಟದ್ದು ಶಿಬಜುಕೆ. ಅದು ಕಡುನೇರಳೆ ಬಣ್ಣದ ಹೋಳು. ಬದನೆಕಾಯಿಯನ್ನು ಶಿಸೊ ಎಂಬ ಕೆಂಪು ಸೊಪ್ಪಿನ ಜೊತೆ ಉಪ್ಪಿನಲ್ಲಿ ಹಾಕಿ, ಮೇಲೆ ಭಾರ ಹೇರಿ, ಹುಳಿ ಬರಿಸಿದ್ದು. ಕ್ಯೋಟೊದ ಉತ್ತರಕ್ಕಿರುವ ಓಹರಾ ಎಂಬ ಗುಡ್ಡದ ಊರು ಇದರ ತವರು. 1185ರ ಯುದ್ಧದಲ್ಲಿ ಮಗನನ್ನೂ ಕುಲವನ್ನೂ ಕಳೆದುಕೊಂಡು ಸನ್ಯಾಸಿನಿಯಾಗಿ ಓಹರಾಕ್ಕೆ ಬಂದ ರಾಜಮಾತೆ ಕೆನ್ರೆಯ್‌ಮೊನ್ ಇನ್‌ಗೆ ಊರಿನವರು ಇದನ್ನು ಬಡಿಸಿದರೆಂದೂ, ಹೆಸರನ್ನು ಆಕೆಯೇ ಇಟ್ಟಳೆಂದೂ ಐತಿಹ್ಯವಿದೆ. ಆಯಿ ಹೋಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. "ಇದು ಉಪ್ಪಿನಲ್ಲೇ ಹುಳಿ ಬಂದದ್ದು. ಹುಳಿ ಹಾಕಿದ್ದಲ್ಲ" ಎಂದರು. ನಾನು ಆ ಮಾತನ್ನು ಫೋನಿನ ಅನುವಾದದಲ್ಲಿ ತೋರಿಸಿದೆ. ಆ ಹೆಂಗಸು ಓದಿ, ಆಯಿಯ ಮುಖವನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಅಲ್ಲಿಂದ ಮುಂದೆ ಆಕೆಗೆ ನಾನು ಅಷ್ಟಾಗಿ ಬೇಕಾಗಲಿಲ್ಲ. ಶಿಬಜುಕೆಯಲ್ಲಿ ಎರಡು ಬಗೆಯಿದೆ, ಒಂದು ಉಪ್ಪು ಮಾತ್ರ ಹಾಕಿ ಹುಳಿ ಬರಿಸಿದ ಹಳೆಯ ಕ್ರಮದ್ದು, ಇನ್ನೊಂದು ವಿನೆಗರಿನಲ್ಲಿ ನೆನೆಸಿದ ಸುಲಭದ್ದು ಎಂದು ವಿವರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ತಿನ್ನಿಸಿದರು. ವ್ಯತ್ಯಾಸ ನನ್ನಂಥವಳಿಗೂ ತಿಳಿಯಿತು. ವಿನೆಗರಿನ ಹುಳಿ ನಾಲಿಗೆಯ ತುದಿಗೆ ತಟ್ಟಿ ಹೋಗುತ್ತದೆ, ಉಪ್ಪಿನಿಂದ ಹುಟ್ಟಿದ ಹುಳಿ ಗಂಟಲಿಗಿಳಿದ ಮೇಲೂ ಉಳಿಯುತ್ತದೆ.

ನಂತರದ ಅರ್ಧ ಗಂಟೆ ಭಾಷೆಯಿಲ್ಲದ ಇಬ್ಬರು ಹಿರಿಯರು ಉಪ್ಪಿನ ಬಗ್ಗೆ ಮಾತನಾಡಿದರು. ಆಯಿ ಫೋನಿನಲ್ಲಿದ್ದ ತಮ್ಮ ಭರಣಿಗಳ ಚಿತ್ರ ತೋರಿಸಿದರು: ಉಪ್ಪು ಕುಡಿದು ಮುರುಟಿದ ಮಿಡಿ, ಬ್ಯಾರಲ್ಲಿನಲ್ಲಿ ಉಪ್ಪಿನೊಳಗೆ ಅದುಮಿಟ್ಟ ಹಲಸಿನ ಸೊಳೆ, ಅದರ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ಹೊಳೆಗಲ್ಲು. ಕಲ್ಲನ್ನು ಕಂಡೊಡನೆ ಆಕೆ ಜೋರಾಗಿ ನಕ್ಕು, ಒಳಗೆ ಕರೆದು, ತಮ್ಮ ತೊಟ್ಟಿಯ ಮೇಲಿದ್ದ ಕಲ್ಲನ್ನು ತೋರಿಸಿದರು. ಸುಗುಕಿ ಎಂಬ ಟರ್ನಿಪ್ಪಿನ ಉಪ್ಪಿನಕಾಯಿಗಾದರೆ ಕಲ್ಲೊಂದೇ ಸಾಲದು. ಉದ್ದನೆಯ ಮರದ ದಂಡದ ಒಂದು ತುದಿಯನ್ನು ಸಿಕ್ಕಿಸಿ ಇನ್ನೊಂದು ತುದಿಗೆ ಕಲ್ಲುಗಳನ್ನು ಜೋತುಬಿಟ್ಟು, ಏತದಂತೆ ಒತ್ತಡ ಕೊಡುತ್ತಾರೆ. ಅದರ ಚಿತ್ರ ಗೋಡೆಯ ಮೇಲಿತ್ತು. ಉಮೆಬೊಶಿಗೆ, ಅಂದರೆ ಉಮೆ ಎಂಬ ಹುಳಿ ಹಣ್ಣಿನ ಉಪ್ಪಿನಕಾಯಿಗೆ, ಎಷ್ಟು ಉಪ್ಪು ಎಂದು ಆಯಿ ಕೇಳಿಸಿದರು. ಆಕೆ ಚೀಟಿಯ ಮೇಲೆ 18 ಎಂದು ಬರೆದು ಶೇಕಡಾ ಗುರುತು ಹಾಕಿದರು. ಅದಕ್ಕಿಂತ ಕಡಿಮೆ ಉಪ್ಪಿನವು ಈಗ ಹೆಚ್ಚು ಮಾರಾಟವಾಗುತ್ತವೆ, ಆದರೆ ಅವು ಬಹಳ ಕಾಲ ಬಾಳುವುದಿಲ್ಲ ಎಂದೂ ಹೇಳಿದರು. ಸೇರು, ಪಾವಿನ ಲೆಕ್ಕದಲ್ಲಿ ಬದುಕಿದ ಆಯಿಗೆ ಶೇಕಡಾ ಲೆಕ್ಕ ಬರುವುದಿಲ್ಲ. ನಾನು ಕೆಜಿಗೆ ಇಷ್ಟೆಂದು ತಿಳಿಸಿದಾಗ ಅಂಗೈಯನ್ನು ಬಟ್ಟಲು ಮಾಡಿ ಅಳತೆ ಹಾಕಿ, ಮಿಡಿಗೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ ಎಂದರು. ಸಾಣಿಕಟ್ಟಾದ ಗದ್ದೆಯಿಂದ ಬರುವ ಹರಳುಪ್ಪನ್ನಷ್ಟೇ ಮಿಡಿಗೆ ಹಾಕುವವರು ಅವರು. ಅಂಗಡಿಯ ಮೂಲೆಯಲ್ಲಿದ್ದ ಉಪ್ಪಿನ ಚೀಲದಿಂದ ಒಂದು ಹರಳನ್ನು ಕೇಳಿ ಪಡೆದು, ನಾಲಿಗೆಗಿಟ್ಟು, ಸಮುದ್ರದ ಉಪ್ಪೇ ಎಂದು ಖಾತರಿ ಮಾಡಿಕೊಂಡರು.

ಕೊನೆಗೆ ಆಯಿಯ ಮನಸ್ಸು ಹೋದದ್ದು ಹಳದಿ ಬಣ್ಣದ ಒಂದು ಮೂಲಂಗಿಯ ಮೇಲೆ. ಒಣಗಿಸಿ, ತೌಡಿನಲ್ಲಿ ಹಾಕಿ, ಆಮೇಲೆ ಇನ್ನೇನೋ ರಸದಲ್ಲಿ ನೆನೆಸಿದ ಪೊಟ್ಟಣ ಅದು. ಆ ಹೆಂಗಸು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ತಡೆದರು. ಸಾಮಗ್ರಿಗಳ ಪಟ್ಟಿಯಲ್ಲಿ ರುಚಿಕಾರಕ ಎಂದಷ್ಟೇ ಇತ್ತಂತೆ, ಅದು ಮೀನಿನಿಂದ ಬಂದದ್ದೋ ಅಲ್ಲವೋ ತಿಳಿಯದು. ಒಳಗೆ ಹೋಗಿ ತಯಾರಿಸುವ ಜಾಗಕ್ಕೆ ಫೋನು ಮಾಡಿದರು. ಬಲ್ಲವರು ಅಂದು ಬಂದಿರಲಿಲ್ಲ. ಹೊರಗೆ ಬಂದು ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿಯಾಗಿ ಹಿಡಿದು, ತಲೆ ಬಾಗಿಸಿ ಕ್ಷಮೆ ಕೇಳಿದರು. ಸಾಲಿನಲ್ಲಿ ನಮ್ಮ ಹಿಂದೆ ಆರೇಳು ಜನ ನಿಂತಿದ್ದರು. ಆಗುತ್ತದೆ ಎಂದು ಹೇಳಿ ಕೊಟ್ಟಿದ್ದರೆ ನಮಗೆ ಎಂದೂ ಗೊತ್ತಾಗುತ್ತಿರಲಿಲ್ಲ. ತಿಳಿಯದ್ದನ್ನು ತಿಳಿದಿಲ್ಲವೆಂದು ಹೇಳಿ ಮಾರಲು ಒಪ್ಪದೆ ಇದ್ದದ್ದು ನನಗೆ ಆ ಪ್ರವಾಸದಲ್ಲಿ ಕಂಡ ಎಲ್ಲ ಗುಡಿ ಗೋಪುರಗಳಿಗಿಂತ ದೊಡ್ಡದಾಗಿ ಕಂಡಿತು. ಹಳೆಯ ಕ್ರಮದ ಶಿಬಜುಕೆಯ ಎರಡು ಪೊಟ್ಟಣ ಮತ್ತು ಶೋಗೋಇನ್ ಟರ್ನಿಪ್ಪನ್ನು ಹಪ್ಪಳದಷ್ಟು ತೆಳುವಾಗಿ ಹೆರೆದು ಕೊಂಬಿನ ಜೊತೆ ಹಾಕಿದ ಸೆನ್ಮೈಜುಕೆಯ ಒಂದು ಪೊಟ್ಟಣ ತೆಗೆದುಕೊಂಡೆವು. ಸೆನ್ಮೈಜುಕೆ ಚಳಿಗಾಲದ ಪದಾರ್ಥ. ಆ ವರ್ಷದ್ದು ಆಗಷ್ಟೇ ಬಂದಿತ್ತು. ಹಣವನ್ನು ಸಣ್ಣ ತಟ್ಟೆಯಲ್ಲಿಟ್ಟಾಗ ಆಕೆ ಚಿಲ್ಲರೆಯನ್ನು ಎಣಿಸಿ ಆಯಿಯ ಅಂಗೈಗೇ ಇಟ್ಟು, ಮೇಲೆ ತಮ್ಮ ಇನ್ನೊಂದು ಕೈ ಮುಚ್ಚಿದರು.

ಕೊಂಬಿನ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಯೋಚನೆಯಿರಲಿಲ್ಲ, ಆದರೆ ಮೀನಿಲ್ಲದ ದಶಿಯ ಮೂಲ ಅದೇ ಆದ್ದರಿಂದ ಕಾಲು ತಾನಾಗಿ ನಿಂತಿತು. ಚರ್ಮದ ಪಟ್ಟಿಯಂತೆ ಗಟ್ಟಿಯಾದ ಕಪ್ಪುಹಸಿರು ಎಲೆಗಳು. ಮೈಮೇಲೆ ಬಿಳಿಯ ಪುಡಿ. ಇದು ಕ್ಯೋಟೊದಲ್ಲಿ ಬೆಳೆಯುವುದಲ್ಲ, ದೂರದ ಹೊಕ್ಕೈದೊದ ತಣ್ಣನೆಯ ಕಡಲಿನದು. ಹಿಂದೆ ಹಡಗುಗಳು ಜಪಾನ್ ಸಮುದ್ರದಲ್ಲಿ ದಕ್ಷಿಣಕ್ಕೆ ಬಂದು ತ್ಸುರುಗ ಬಂದರಿನಲ್ಲಿ ಇಳಿಸಿದ ಕೊಂಬು, ಬೀವಾ ಸರೋವರದ ಮೂಲಕ ಕ್ಯೋಟೊ ಸೇರುತ್ತಿತ್ತು. ಸಮುದ್ರವಿಲ್ಲದ ಈ ಊರು ಕೊಂಬನ್ನು ತನ್ನ ಅಡಿಗೆಯ ಜೀವ ಮಾಡಿಕೊಂಡಿತು. ಝೆನ್ ಬೌದ್ಧ ಮಠಗಳ ಸಸ್ಯಾಹಾರಿ ಅಡಿಗೆಯೂ ಇದನ್ನೇ ನೆಚ್ಚಿಕೊಂಡಿದೆ. ಕ್ಯೋಟೊದಲ್ಲೇ ಹುಟ್ಟಿದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದ 1908ರಲ್ಲಿ ಕೊಂಬಿನ ಸಾರದಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ, ಹುಳಿ, ಉಪ್ಪು, ಕಹಿಗಳಿಗೆ ಸೇರದ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅಂಗಡಿಯವರು ಪುಟ್ಟ ಕಾಗದದ ಲೋಟದಲ್ಲಿ ಕೊಟ್ಟ ಬಿಸಿ ಸಾರು ನೋಡಲು ಬರಿಯ ನೀರಿನಂತಿತ್ತು. ಕುಡಿದ ಆಯಿ, ಬೇಳೆಯ ಕಟ್ಟನ್ನು ತಿಳಿಯಾಗಿ ಬಸಿದಾಗಿನ ರುಚಿಗೆ ಹತ್ತಿರವಿದೆ ಎಂದರು. ಅದಕ್ಕಿಂತ ಸರಿಯಾದ ವರ್ಣನೆ ನನಗೆ ಇನ್ನೂ ಸಿಕ್ಕಿಲ್ಲ.

ಅದೇ ಓಣಿಯಲ್ಲಿ ಅರಿತ್ಸುಗು ಎಂಬ ಚಾಕುವಿನ ಅಂಗಡಿಯಿದೆ. 1560ರಲ್ಲಿ ಕತ್ತಿ ತಯಾರಿಸುವ ಕಮ್ಮಾರರಾಗಿ ಆರಂಭಿಸಿದವರು ಈಗ ಅಡಿಗೆಯ ಚಾಕು ಮಾಡುತ್ತಾರೆ. ಮೆಟ್ಟುಗತ್ತಿಯ ಮೇಲೆ ಕುಳಿತು ತರಕಾರಿ ಹೆಚ್ಚುವ ಆಯಿಗೆ ಕೈಯಲ್ಲಿ ಹಿಡಿಯುವ ಚಾಕು ಅಷ್ಟಾಗಿ ಒಗ್ಗದು. ಆದರೂ ಅಲಗಿನ ಒಂದೇ ಬದಿಗೆ ಸಾಣೆ ಹಿಡಿದ ತರಕಾರಿ ಚಾಕುಗಳನ್ನು ಅವರು ಬಹಳ ಗೌರವದಿಂದ ನೋಡಿದರು. ಉಕ್ಕಿನ ಅಲಗನ್ನು ಒರಸಿ ಒಣಗಿಸದಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಅಂಗಡಿಯವರು ಎಚ್ಚರಿಸಿದಾಗ, ಅದು ಹೇಳಬೇಕಾದ ಮಾತೇ ಎನ್ನುವಂತೆ ತಲೆದೂಗಿದರು. ಸಣ್ಣದೊಂದು ಕೊಂಡೆವು. ಒಬ್ಬರು ಉಳಿ ಮತ್ತು ಪುಟ್ಟ ಸುತ್ತಿಗೆ ಹಿಡಿದು, ನಮ್ಮ ಕಣ್ಣೆದುರೇ ಅಲಗಿನ ಮೇಲೆ ಆಯಿಯ ಹೆಸರನ್ನು ಕತಾಕನ ಲಿಪಿಯಲ್ಲಿ ಕೊರೆದುಕೊಟ್ಟರು.

ಹನ್ನೊಂದರ ಹೊತ್ತಿಗೆ ಓಣಿ ತುಂಬಿತು. ಇಲ್ಲಿ ನನ್ನ ಮನಸ್ಸಿನ ಮಾತೊಂದನ್ನು ಹೇಳಬೇಕು. ನಿಶಿಕಿ ಈಗ ಹೆಚ್ಚಾಗಿ ಪ್ರವಾಸಿಗಳ ಪೇಟೆಯಾಗಿದೆ. ಕಡ್ಡಿಗೆ ಚುಚ್ಚಿದ ಮಾಂಸ, ಸೀಗಡಿಗಳ ಮಳಿಗೆಗಳು ಹಳೆಯ ಅಂಗಡಿಗಳ ನಡುವೆ ಎದ್ದಿವೆ. ನಡೆಯುತ್ತ ತಿನ್ನಬೇಡಿ ಎಂಬ ಫಲಕಗಳನ್ನು ಹಲವು ಕಡೆ ಹಾಕಿದ್ದರೂ ತಿನ್ನುತ್ತ ನಡೆಯುವವರೇ ಹೆಚ್ಚು. ನಾವೂ ಪ್ರವಾಸಿಗಳೇ ಆದ್ದರಿಂದ ದೂರುವ ಹಕ್ಕು ಪೂರ್ತಿಯಾಗಿ ನಮಗಿಲ್ಲ, ಆದರೆ ಕೊಂಡದ್ದನ್ನು ಅಂಗಡಿಯ ಮುಂದೆಯೇ ನಿಂತು ತಿಂದು ಕಸವನ್ನು ಅವರಿಗೇ ಹಿಂದಿರುಗಿಸುವುದು ಕಷ್ಟದ ಕೆಲಸವಲ್ಲ. ಆಯಿ ಮತ್ತು ನಾನು ಹಾಗೆ ನಿಂತು ತಿಂದದ್ದು ಗೋಧಿಯ ಅಂಟಿನಿಂದ ಮಾಡಿದ ಫು-ಮಂಜು. ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು ಪಿಷ್ಟವೆಲ್ಲ ಹೋದ ಮೇಲೆ ಉಳಿಯುವ ಅಂಟನ್ನು ಹದ ಮಾಡಿ, ಒಳಗೆ ಸಿಹಿ ಕಾಳಿನ ಹೂರಣ ತುಂಬಿ, ಬಿದಿರಿನ ಜಾತಿಯ ಸಸ ಎಲೆಯಲ್ಲಿ ಸುತ್ತಿರುತ್ತಾರೆ. ಎಲೆ ಬಿಚ್ಚಿದಾಗ ಬಂದ ಹಸಿ ಪರಿಮಳಕ್ಕೆ ನಮ್ಮಿಬ್ಬರಿಗೂ ಒಟ್ಟಿಗೇ ನಾಗರಪಂಚಮಿಯ ಅರಿಶಿನೆಲೆ ಕಡುಬು ನೆನಪಾಯಿತು.

ಮಧ್ಯಾಹ್ನದ ಊಟಕ್ಕೆ 1291ರಲ್ಲಿ ಸ್ಥಾಪನೆಯಾದ ನಾನ್ಜೆಂಜಿ ಎಂಬ ಝೆನ್ ಮಠದ ಸಮೀಪಕ್ಕೆ ಹೋದೆವು. ಆ ಸುತ್ತಿನಲ್ಲಿ ಯುದೋಫು ಪ್ರಸಿದ್ಧ. ಮಣ್ಣಿನ ಪಾತ್ರೆಯ ತಳದಲ್ಲಿ ಒಂದು ತುಂಡು ಕೊಂಬು, ಮೇಲೆ ನೀರು, ನೀರಿನಲ್ಲಿ ತೋಫು. ಇಷ್ಟೇ. ಬಡಿಸುವ ಹುಡುಗಿ ಚೀಟಿಯನ್ನು ಅಡುಗೆಮನೆಗೆ ಒಯ್ದು ತೋರಿಸಿ ಬಂದು, ಪಾತ್ರೆಯಲ್ಲಿ ಮೀನಿಲ್ಲ, ಆದರೆ ಅದ್ದಿಕೊಳ್ಳುವ ರಸದಲ್ಲಿ ಕತ್ಸುವೊ ಇದೆ ಎಂದು ತಿಳಿಸಿದಳು. ಕೇಳುವ ಮೊದಲೇ ಆ ರಸವನ್ನು ಎತ್ತಿ, ಬರಿಯ ಸೋಯಾ ಸಾಸು ಮತ್ತು ತುರಿದ ಶುಂಠಿಯನ್ನು ತಂದಿಟ್ಟಳು. ಅಂದು ಆಯಿ ಹೊಟ್ಟೆ ತುಂಬ ಉಂಡರು. ನಾವು ಕೊಂಡಿದ್ದ ಶಿಬಜುಕೆಯನ್ನು ತೆರೆಯಬಹುದೇ ಎಂದು ಕೇಳಲು ಅವರಿಗೆ ಮನಸ್ಸಿತ್ತು. ಬೇರೆಯವರ ಪಂಕ್ತಿಯಲ್ಲಿ ಅದು ಸರಿಯಲ್ಲವೆಂದು ತಾವೇ ಬಿಟ್ಟರು.

ಮೂರು ಗಂಟೆಗೆ ಟ್ಯಾಕ್ಸಿಯಲ್ಲಿ ದೆಮಾಚಿಗೆ ಬಂದೆವು. ಕಾಮೊ ಮತ್ತು ತಕಾನೊ ನದಿಗಳು ಕೂಡುವ ಜಾಗ ಅದು. ಅಲ್ಲಿರುವ ಮಸುಗತ ಪೇಟೆ ನಿಶಿಕಿಯಂತೆ ಹೆಸರುವಾಸಿಯಲ್ಲ. ಸೈಕಲ್ಲಿನ ಬುಟ್ಟಿಯಲ್ಲಿ ಈರುಳ್ಳಿ ಸೊಪ್ಪು ಹಾಕಿಕೊಂಡು ಹೋಗುವ ಮನೆಯವರ ಪೇಟೆ. ಚಾವಣಿಯಿಂದ ದೊಡ್ಡದೊಂದು ಬಂಗುಡೆ ಮೀನಿನ ಪ್ರತಿಕೃತಿ ತೂಗುತ್ತದೆ. ಅದಕ್ಕೆ ಕಾರಣವಿದೆ. ಜಪಾನ್ ಸಮುದ್ರದ ದಡದ ಒಬಾಮ ಎಂಬ ಊರಿನಿಂದ ಬಂಗುಡೆಗೆ ಉಪ್ಪು ಹಾಕಿ, ಬೆನ್ನ ಮೇಲೆ ಹೊತ್ತು, ಎಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಗುಡ್ಡದ ದಾರಿಯನ್ನು ಹಗಲಿರುಳೆನ್ನದೆ ನಡೆದು ಜನ ಇಲ್ಲಿಗೆ ತರುತ್ತಿದ್ದರು. ಕ್ಯೋಟೊ ಮುಟ್ಟುವ ಹೊತ್ತಿಗೆ ಉಪ್ಪು ಮೀನಿಗೆ ಸರಿಯಾಗಿ ಹಿಡಿದಿರುತ್ತಿತ್ತಂತೆ. ಬಂಗುಡೆ ದಾರಿಯೆಂದೇ ಅದರ ಹೆಸರು, ಮತ್ತು ಅದು ಮುಗಿಯುವುದು ದೆಮಾಚಿಯಲ್ಲಿ. ಇದನ್ನು ಹೇಳಿದಾಗ ಆಯಿ ತಮ್ಮ ಅಜ್ಜನ ಕಾಲದ ಮಾತು ತೆಗೆದರು. ಕುಮಟೆಯ ಕಡೆಯಿಂದ ಎತ್ತಿನ ಗಾಡಿಗಳು ಉಪ್ಪು ಹೇರಿಕೊಂಡು ದೇವಿಮನೆ ಘಟ್ಟ ಹತ್ತಿ ಬರುತ್ತಿದ್ದವಂತೆ, ಮರಳುವಾಗ ಅಡಿಕೆ, ಮೆಣಸು ಇಳಿಯುತ್ತಿತ್ತಂತೆ. ಮೀನು ತಿನ್ನದ ನಮಗೂ ಆ ತೂಗುವ ಮೀನಿನ ಕೆಳಗೆ ನಿಂತು ಮಾತನಾಡಲು ಇಷ್ಟೆಲ್ಲ ಇತ್ತು.

ಪೇಟೆಯ ಪಕ್ಕದ ರಸ್ತೆಯಲ್ಲಿ ಫುತಾಬ ಎಂಬ ಮೊಚಿ ಅಂಗಡಿಯಿದೆ, 1899ರಿಂದ ನಡೆಯುತ್ತಿರುವುದು. ಮಾಮೆಮೊಚಿಗಾಗಿ ನಿಂತ ಸಾಲು ರಸ್ತೆಯ ಬದಿಗೆ ಎರಡು ಮಡಿಕೆಯಾಗಿತ್ತು. ಅಕ್ಕಿಯ ಮೆತ್ತನೆಯ ಹಿಟ್ಟಿನಲ್ಲಿ ಉಪ್ಪು ಹಾಕಿ ಬೇಯಿಸಿದ ಕೆಂಪು ಬಟಾಣಿ, ಒಳಗೆ ಸಿಹಿ ಹೂರಣ. ಮೀನಿಲ್ಲ, ಮೊಟ್ಟೆಯಿಲ್ಲ. ಆ ದಿನವೇ ತಿಂದು ಮುಗಿಸಬೇಕೆಂದು ಕಟ್ಟಿಕೊಡುವಾಗ ಹೇಳುತ್ತಾರೆ, ಇಟ್ಟರೆ ಗಟ್ಟಿಯಾಗುತ್ತದೆ. ಪೊಟ್ಟಣ ಹಿಡಿದು ನದಿಗಳು ಕೂಡುವ ಮೂಲೆಗೆ ಬಂದು ಕುಳಿತೆವು. ಮಕ್ಕಳು ಆಮೆ, ಹಕ್ಕಿಯ ಆಕಾರದ ಕಲ್ಲುಗಳ ಮೇಲೆ ಜಿಗಿಯುತ್ತ ಹೊಳೆ ದಾಟುತ್ತಿದ್ದರು. ಆಯಿ ಒಂದು ಮೊಚಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಬೆಂಚಿನಲ್ಲಿದ್ದ ಮುದುಕರೊಬ್ಬರು ಆಕಾಶದತ್ತ ಬೆರಳು ತೋರಿ, ಅಂಗೈಯನ್ನು ಮರೆಮಾಡುವಂತೆ ಸನ್ನೆ ಮಾಡಿದರು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಅಲ್ಲಿನ ಹದ್ದುಗಳು ಹಿಂದಿನಿಂದ ಎರಗಿ ಕೈಯಲ್ಲಿದ್ದುದನ್ನು ಎಗರಿಸಿಕೊಂಡು ಹೋಗುತ್ತವೆ. ಆಯಿ ಸೆರಗನ್ನು ಕೈಮೇಲೆ ಎಳೆದುಕೊಂಡು, ಅದರ ಮರೆಯಲ್ಲಿ ತಿಂದರು. ಸಿಹಿಯ ನಡುವೆ ಬಟಾಣಿಯ ಉಪ್ಪು ಸಿಕ್ಕಾಗಲೆಲ್ಲ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಒಸಾಕಾಕ್ಕೆ ಹೊರಡುವ ಮೊದಲು, ಹೋಟೆಲಿನಿಂದ ಹತ್ತು ನಿಮಿಷದ ದಾರಿಯಾದ್ದರಿಂದ ಮತ್ತೊಮ್ಮೆ ನಿಶಿಕಿಗೆ ಹೋದೆವು. ಆಯಿಗೆ ಉಮೆಬೊಶಿ ಬೇಕಿತ್ತು. ಷಟರುಗಳು ಒಂದೊಂದಾಗಿ ಮೇಲೇರುತ್ತಿದ್ದವು. ಹುಂಜದ ಚಿತ್ರ ಸುರುಳಿ ಸುತ್ತಿಕೊಂಡು ಕಾಣೆಯಾಗುವುದನ್ನು ನೋಡಿದೆವು. ಉಪ್ಪಿನಕಾಯಿ ಅಂಗಡಿಯ ಹೆಂಗಸು ತೋಳು ಮಡಿಸಿ ತೌಡಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಅಡಿಯದನ್ನು ಮೇಲಕ್ಕೆ ತರುತ್ತಿದ್ದರು. ನಮ್ಮನ್ನು ಕಂಡೊಡನೆ ಕೈ ತೊಳೆದು ಬಂದು, ಮೇಜಿನ ಕೆಳಗಿನಿಂದ ಹಳದಿ ಮೂಲಂಗಿಯ ಆ ಪೊಟ್ಟಣವನ್ನು ತೆಗೆದರು. ಅದಕ್ಕೆ ಒಂದು ಚೀಟಿ ಅಂಟಿಸಿ ಬದಿಗಿರಿಸಿದ್ದರು. ಮುಂಜಾನೆಯೇ ಫೋನು ಮಾಡಿ ಕೇಳಿದ್ದರಂತೆ. ರುಚಿಕಾರಕ ಕತ್ಸುವೊದ್ದೇ. ಮತ್ತೆ ಕೈಗಳನ್ನು ಎದೆಯ ಮುಂದೆ ಕತ್ತರಿಯಾಗಿ ಹಿಡಿದರು. ಆಯಿಯೂ ತಮ್ಮ ಕೈಗಳನ್ನು ಹಾಗೆಯೇ ಹಿಡಿದು ತೋರಿಸಿದರು, ಇಬ್ಬರೂ ನಕ್ಕರು. 18 ಶೇಕಡಾ ಉಪ್ಪಿನ ಉಮೆಬೊಶಿಯ ಸಣ್ಣ ಡಬ್ಬಿಯೊಂದನ್ನು ಕಟ್ಟಿಸಿಕೊಂಡೆವು. ಹೊರಡುವಾಗ ಆಯಿ ತೊಟ್ಟಿಯ ಕಡೆ ತೋರಿಸಿ, ದಿನಕ್ಕೆ ಎಷ್ಟು ಸಲ ತಿರುವಬೇಕು ಎಂದು ಕೈಸನ್ನೆಯಲ್ಲಿ ಕೇಳಿದರು. ಆಕೆ ಒಂದು ಬೆರಳು ಎತ್ತಿದರು, ಸ್ವಲ್ಪ ಯೋಚಿಸಿ ಎರಡು ಮಾಡಿದರು. ರೈಲಿನಲ್ಲಿ ಆಯಿ, ಸೆಕೆಗಾಲದಲ್ಲಿ ಎರಡು ಸಲ ಎಂದಿರಬೇಕು, ನಮ್ಮಲ್ಲಾದರೆ ಯಾವಾಗಲೂ ಎರಡು ಸಲವೇ ಬೇಕಾದೀತು ಎಂದು ಲೆಕ್ಕ ಹಾಕುತ್ತ, ಈ ಸಲ ಗಿರಣಿಯವನಿಗೆ ಹೇಳಿ ಹೊಸ ತೌಡನ್ನೇ ತರಿಸಬೇಕು ಎಂದರು.